ಹೂ ಕಟ್ಟುವ ಕೈಯಲ್ಲೊಂದು ವಿದ್ಯೆ

ಹುಕ್ಕೇರಿಗೆ ಆ ಹೆಸರು ಹೇಗೆ ಬಂತೆಂದು ಊರಿನವರನ್ನು ಕೇಳಿ ನೋಡಿ. ‘ಹೂವಿನ ಕೇರಿ’ಯೇ ಬಾಯಿಂದ ಬಾಯಿಗೆ ಸವೆದು ಹುಕ್ಕೇರಿಯಾಯಿತು ಎನ್ನುತ್ತಾರೆ. ಆದಿಲಶಾಹಿ ಕಾಲದಲ್ಲಿ ಇಲ್ಲಿಯ ಗುಲಾಬಿ ವಿಜಾಪುರಕ್ಕೆ ಹೋಗುತ್ತಿತ್ತು ಎಂಬ ಮಾತೂ ಇದೆ. ಹೂವಿನಿಂದ ಹೆಸರು ಪಡೆದ ಊರಿರುವ ಈ ಸೀಮೆಯಲ್ಲೂ ಮದುವೆ, ಕುಬಸ, ಶಾಲೆಯ ಗ್ಯಾದರಿಂಗ್ ಬಂದರೆ ಈಗ ಪ್ಲಾಸ್ಟಿಕ್ ಹೂವಿನ ಸೆಟ್ಟು ಅಂಗಡಿಯಿಂದ ಬರುತ್ತದೆ. ಅಗ್ಗ, ಬಾಡುವುದಿಲ್ಲ, ಮುಂದಿನ ವರ್ಷಕ್ಕೂ ಆಗುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಅದು ಒಳಗೆ ಬರುವಾಗ ಮನೆಯ ಒಂದು ವಿದ್ಯೆ ಸದ್ದಿಲ್ಲದೆ ಹೊರಗೆ ಹೋಗುತ್ತದೆ.

ಫ್ಯಾಶನ್ ಡಿಸೈನ್ ಎಂದರೆ ಮುಂಬೈ, ಬೆಂಗಳೂರಿನ ಮಾತು ಎಂದು ಅನೇಕ ಪಾಲಕರು ತಿಳಿದಿದ್ದಾರೆ. ಗಿಡಮರಗಳಿಂದ ತೊಡುಗೆ ಮಾಡುವುದು ನಮಗೆ ಹೊಸದೇನಲ್ಲ. ಗೋಕಾಕ ಫಾಲ್ಸಿನ ಗಿರಣಿ 1887ರಲ್ಲಿಯೇ ಘಟಪ್ರಭೆಯ ನೀರಿನ ಬಲದಿಂದ ಹತ್ತಿಯನ್ನು ನೂಲಾಗಿಸುತ್ತಿತ್ತು. ಹತ್ತಿಯಾದರೂ ಗಿಡದ ಬೀಜದ ಮೇಲಿನ ಕೂದಲೇ ಅಲ್ಲವೆ? ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗವನ್ನು ಹಗುರವಾದ ಬೆಂಡಿನಿಂದ ಮಾಡುತ್ತಿದ್ದರು. ಉತ್ತರ ಕನ್ನಡದ ಗುಡಿಗಾರರು ಈ ಕೆಲಸಕ್ಕೆ ಹೆಸರಾದವರು. ಅಷ್ಟೇಕೆ, ಜೋಳದ ದಂಟಿನ ಸಿಬಿರು, ಬೆಂಡು ಸೇರಿಸಿ ಕನ್ನಡಕ ಮಾಡಿ ಮೂಗಿನ ಮೇಲಿಟ್ಟುಕೊಂಡ ಹುಡುಗರು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ! ಗಟ್ಟಿ ಸಿಬಿರು ಚೌಕಟ್ಟು, ಮೆತ್ತಗಿನ ಬೆಂಡು ಕೀಲು. ಅದೂ ಡಿಸೈನೇ.

ಮೊಗ್ಗಿನ ಜಡೆಯನ್ನೇ ನೋಡಿ. ಬಾಳೆಯ ಪಟ್ಟೆಯನ್ನೋ ರಟ್ಟನ್ನೋ ಜಡೆಯ ಉದ್ದಕ್ಕೆ ಕತ್ತರಿಸಿ, ಅದರ ಮೇಲೆ ಸೂಜಿ ದಾರದಿಂದ ಮಲ್ಲಿಗೆ ಮೊಗ್ಗನ್ನು ಸಾಲಾಗಿ ಹೊಲಿಯುತ್ತಾರೆ. ಅರಳಿದ ಹೂ ಏಕೆ ಬೇಡ? ಮೊಗ್ಗು ಗಟ್ಟಿ, ಹೊಲಿಗೆ ತಾಳುತ್ತದೆ. ಸಂಜೆ ಅರಳುವ ಹೊತ್ತಿಗೆ ಜಡೆ ತುಂಬಿ ಕಾಣುತ್ತದೆ. ಅಬ್ಬಲಿಗೆಗೆ ಪರಿಮಳವಿಲ್ಲ, ಆದರೆ ಹಗುರ, ಬೇಗ ಬಾಡದು. ಚೆಂಡು ಹೂವಿಗೆ ಬಣ್ಣವಿದೆ, ಭಾರವೂ ಇದೆ. ಅದು ಕೊರಳ ಮಾಲೆಗೆ ಸರಿ, ಎಳೆಯ ಮಗುವಿನ ದಂಡೆಗೆ ಸಲ್ಲದು. ಉಡುಪಿ ಕಡೆ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುವುದಕ್ಕೂ ಕಾರಣವಿದೆ. ನೆನೆದ ನಾರು ಮೆತ್ತಗಾಗಿ ತೊಟ್ಟನ್ನು ಹಿಡಿಯುತ್ತದೆ, ಕತ್ತರಿಸುವುದಿಲ್ಲ. ತೂಕ, ಗಟ್ಟಿತನ, ಬಾಳಿಕೆ, ಹೊತ್ತು ಇವಿಷ್ಟನ್ನೂ ಲೆಕ್ಕ ಹಾಕಿದ ಮೇಲೆಯೇ ನಮ್ಮ ತಾಯಂದಿರು ಗಂಟು ಹಾಕುತ್ತಿದ್ದರು. ಕಾಗದದ ಮೇಲೆ ಬರೆಯಲಿಲ್ಲ, ಅಷ್ಟೇ.

ವಿದ್ಯಾರ್ಥಿಗಳು ಪಾಠದಲ್ಲಿ ಓದುವ ವಿಜ್ಞಾನವೂ ಇಲ್ಲಿದೆ. ಗಿಡದಿಂದ ಬಿಡಿಸಿದ ಹೂವಿಗೆ ಬೇರಿನ ನೀರು ನಿಂತುಹೋಗುತ್ತದೆ, ಎಸಳಿನಿಂದ ಆವಿಯಾಗುವುದು ಮಾತ್ರ ನಿಲ್ಲುವುದಿಲ್ಲ. ಬಾಡುವುದೆಂದರೆ ಇದೇ. ಹೂವಾಡಗಿತ್ತಿ ಬಾಳೆ ಎಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿಡುವುದು ಸುತ್ತಲಿನ ಗಾಳಿಯನ್ನು ತೇವವಾಗಿಟ್ಟು ಆವಿಯನ್ನು ತಡೆಯಲಿಕ್ಕೆ.

ಈ ರಜೆಯಲ್ಲಿ ಒಂದು ಪ್ರಯೋಗ ಮಾಡಿ. ಮೂರು ಬಗೆಯ ಹೂಗಳಿಂದ ಒಂದೇ ಅಳತೆಯ ಮೂರು ಕೈಪಟ್ಟಿ ಕಟ್ಟಿ. ಪ್ರತಿಯೊಂದನ್ನೂ ತೂಗಿ, ಎರಡೆರಡು ತಾಸಿಗೊಮ್ಮೆ ಯಾವುದು ಹೇಗಿದೆ ಎಂದು ವಹಿಯಲ್ಲಿ ಬರೆದಿಡಿ. ಬಾಡದ ಒಡವೆ ಬೇಕೆ? ಮೂಡಲಗಿ, ಗೋಕಾಕದ ಹೊಲಗಳಲ್ಲಿ ಗೋವಿನಜೋಳದ ತೆನೆಯ ಸಿಪ್ಪೆ ಬೇಕಾದಷ್ಟು ಸಿಗುತ್ತದೆ. ಒಣಗಿದ್ದನ್ನು ನೀರಲ್ಲಿ ನೆನೆಸಿದರೆ ಬಟ್ಟೆಯಂತೆ ಬಾಗುತ್ತದೆ. ಎಸಳಾಗಿ ಮಡಚಿ ದಾರ ಬಿಗಿದು ನೆರಳಲ್ಲಿ ಒಣಗಿಸಿದರೆ ಆ ಆಕಾರದಲ್ಲೇ ನಿಲ್ಲುತ್ತದೆ.

ಬಣ್ಣಕ್ಕೂ ಅಂಗಡಿಯ ಪುಡಿ ಬೇಕಿಲ್ಲ. ಹತ್ತಿ ಬಟ್ಟೆಯ ಗಂಜಿ ಹೋಗುವಂತೆ ಒಗೆದು, ಅಳಲೆಕಾಯಿ ಪುಡಿಯ ನೀರಲ್ಲಿ, ಆಮೇಲೆ ಪಟಿಕದ ನೀರಲ್ಲಿ ಅದ್ದಿ, ದಾಳಿಂಬೆ ಸಿಪ್ಪೆ ಕುದಿಸಿದ ರಸದಲ್ಲಿ ಬೇಯಿಸಿದರೆ ಹಳದಿ ಬರುತ್ತದೆ. ಪಟಿಕದ ಬದಲು ಕಬ್ಬಿಣದ ನೀರಾದರೆ ಬೂದುಗಪ್ಪು. ಅಳಲೆ, ಪಟಿಕ ಇಲ್ಲದಿದ್ದರೆ ಬಣ್ಣ ಹತ್ತಿಯನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಕುದಿಸುವಾಗ ಹಿರಿಯರು ಹತ್ತಿರ ಇರಬೇಕು. ಸಾಗರ ತಾಲ್ಲೂಕಿನ ಭೀಮನಕೋಣೆಯ ‘ಚರಕ’ ಮಹಿಳಾ ಸಹಕಾರಿ ಸಂಘ ಅಡಕೆಯ ಚೊಗರಿನಂಥ ಬಣ್ಣಗಳಿಂದಲೇ ತನ್ನ ಕೈಮಗ್ಗದ ಬಟ್ಟೆಗೆ ನಾಡಿನ ತುಂಬ ಗಿರಾಕಿಗಳನ್ನು ಗಳಿಸಿತು.

ಎಚ್ಚರದ ಮಾತೂ ಒಂದಿದೆ. ಬೇಲಿಯಲ್ಲಿ ಕಂಡದ್ದೆಲ್ಲ ಮೈಮೇಲೆ ಹಾಕುವಂಥದ್ದಲ್ಲ. ಕಣಗಿಲೆ ವಿಷ. ಎಕ್ಕೆಯ ಹಾಲು ಕಣ್ಣಿಗೆ ಅಪಾಯ. ಬಿಳಿ ಹೂವಿನ ಕಾಂಗ್ರೆಸ್ ಕಸ ಹಲವರ ಚರ್ಮಕ್ಕೆ ತುರಿಕೆ ತರುತ್ತದೆ. ಗುಲಗಂಜಿ ಎಷ್ಟು ಚೆಂದವೋ ಅಷ್ಟೇ ಭಯಂಕರ: ಒಡೆದ ಅಥವಾ ತೂತು ಮಾಡಿದ ಬೀಜ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಕುತ್ತು. ಅದನ್ನು ಮಣಿಯಾಗಿ ಪೋಣಿಸಲು ಮಕ್ಕಳಿಗೆ ಕೊಡಲೇಬೇಡಿ. ಸಂತೆಯ ಹೂವಿಗೆ ಔಷಧ ಹೊಡೆದಿರಬಹುದು. ಕಟ್ಟುವಾಗ ತೊಟ್ಟನ್ನು ಹಲ್ಲಿನಲ್ಲಿ ಕಚ್ಚುವ ಅಭ್ಯಾಸ ಬಿಡಬೇಕು.

ಇನ್ನು ಪಾಲಕರಿಗೆ. ಮಗಳು ಹೂ ಕಟ್ಟುತ್ತ ಕೂತರೆ ‘ಓದು ಬಿಟ್ಟು ಇದೇನು’ ಎನ್ನುತ್ತೇವೆ. ಮಗ ಕೂತರೆ ನಗುತ್ತೇವೆ. ರಾಷ್ಟ್ರೀಯ ಫ್ಯಾಶನ್ ತಂತ್ರಜ್ಞಾನ ಸಂಸ್ಥೆಯ (ನಿಫ್ಟ್) ಬೆಂಗಳೂರು ಕೇಂದ್ರ 1997ರಲ್ಲಿ ಆರಂಭವಾಯಿತು. ಅಲ್ಲಿಯ ಡಿಸೈನ್ ಪದವಿಗೆ ಪಿಯುಸಿಯಲ್ಲಿ ಯಾವ ವಿಭಾಗ ಓದಿದವರೂ ಪರೀಕ್ಷೆ ಬರೆಯಬಹುದು. ಬರವಣಿಗೆಯ ಪರೀಕ್ಷೆ ದಾಟಿದವರಿಗೆ ಇನ್ನೊಂದು ಪರೀಕ್ಷೆಯಿದೆ: ಕೊಟ್ಟ ಸಾಮಗ್ರಿಯಿಂದ, ಕೊಟ್ಟ ಹೊತ್ತಿನಲ್ಲಿ, ಒಂದು ಮಾದರಿಯನ್ನು ಕೈಯಾರೆ ಮಾಡಿ ತೋರಿಸಬೇಕು. ಪುಸ್ತಕ ಬಾಯಿಪಾಠ ಮಾಡಿದವರು ಅಲ್ಲಿ ತಡವರಿಸಬಹುದು. ಯಾವುದು ಬಾಗುತ್ತದೆ, ಯಾವುದು ಮುರಿಯುತ್ತದೆ, ಯಾವುದು ಭಾರ ಹೊರುತ್ತದೆ ಎಂದು ಬೆರಳಿಗೆ ಗೊತ್ತಿರುವವರಿಗೆ ಅಷ್ಟು ಕಷ್ಟವಾಗದು.

ಪ್ರತಿಯೊಂದು ಮಗುವೂ ಅಲ್ಲಿಗೆ ಹೋಗಬೇಕೆಂದಲ್ಲ. ಆದರೆ ಈ ಬೆರಳಿನ ಅರಿವು ಕಲಿಸಲು ಪೇಟೆಯ ಕ್ಲಾಸು ಬೇಕಿಲ್ಲ, ಫೀಯೂ ಇಲ್ಲ. ಮನೆಯಲ್ಲಿ ಅಜ್ಜಿಯಿದ್ದರೆ ಮುಂದಿನ ಹಬ್ಬಕ್ಕೆ ಒಂದು ದಂಡೆ ಕಟ್ಟುವುದನ್ನು ಮಕ್ಕಳಿಗೆ ತೋರಿಸಲು ಹೇಳಿ. ಗಂಟು ಹೇಗೆ ಹಾಕಿದಳು ಎಂದಷ್ಟೇ ನೋಡದೆ, ಈ ಹೂವೇ ಏಕೆ, ಇಲ್ಲೇ ಏಕೆ ಗಂಟು ಎಂದು ಮಕ್ಕಳು ಕೇಳಲಿ. ಉತ್ತರ ಅವಳಲ್ಲಿದೆ, ಇಷ್ಟು ದಿನ ಕೇಳುವವರಿರಲಿಲ್ಲ.