ಬ್ಯಾಟ್‌ಮನ್‌ಗೆ ರಾತ್ರಿ ನಿದ್ದೆ ಯಾಕಿಲ್ಲ?

ಪರೀಕ್ಷೆ ಮುಗಿದು ರಜೆ ಬಂತೆಂದರೆ ಅನೇಕ ಮನೆಗಳಲ್ಲಿ ಒಂದು ಹಳೆಯ ಜಗಳ ಹೊಸದಾಗಿ ಶುರುವಾಗುತ್ತದೆ. ಮಗನ ಕೈಯಲ್ಲಿ ಬಣ್ಣಬಣ್ಣದ ಕಾಮಿಕ್ಸ್ ಪುಸ್ತಕ, ಇಲ್ಲವೇ ಮೊಬೈಲಿನಲ್ಲಿ ಅದೇ ಕಥೆಯ ಸಿನಿಮಾ. "ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡು ಹಾರಾಡುವವನಿಂದ ನೀನು ಕಲಿಯೋದೇನಿದೆಯೋ?" ಎಂದು ಅಪ್ಪ ಗದರಿಸುತ್ತಾರೆ. ಅಮ್ಮ ಪುಸ್ತಕ ಕಸಿದು ಬೀರುವಿನ ಮೇಲೆ ಇಡುತ್ತಾರೆ. ಸ್ಕಂದಗಿರಿಯ ತಪ್ಪಲಿನ ನಮ್ಮ ಹಳ್ಳಿಗಳಲ್ಲೂ ಇದು ನಡೆಯುತ್ತದೆ, ಬೆಂಗಳೂರಿನ ಬಡಾವಣೆಗಳಲ್ಲೂ ನಡೆಯುತ್ತದೆ.

ಈ ವಾರ ಆ ಪುಸ್ತಕಗಳ ಪರವಾಗಿ ಸ್ವಲ್ಪ ವಕಾಲತ್ತು ವಹಿಸುತ್ತೇನೆ. ಜೊತೆಗೆ ಅವು ಎಲ್ಲಿ ದಾರಿ ತಪ್ಪಿಸುತ್ತವೆ ಎಂಬುದನ್ನೂ ಹೇಳುತ್ತೇನೆ. ಮಕ್ಕಳೂ ಓದಬೇಕು, ಮಕ್ಕಳಿಗಿಂತ ಮೊದಲು ಹೆತ್ತವರು ಓದಬೇಕು.

ಕಾಮಿಕ್ಸ್ ಮೇಲೆ ಹಿರಿಯರ ಸಿಟ್ಟು ಇಂದಿನದಲ್ಲ. 1954ರಲ್ಲಿ ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಒಂದು ಪುಸ್ತಕ ಬರೆದು, ಮಕ್ಕಳು ಕೆಡುವುದಕ್ಕೆ ಕಾಮಿಕ್ಸ್ ಕಾರಣ ಎಂದು ದೂರಿದರು. ಗದ್ದಲ ಎಷ್ಟಾಯಿತೆಂದರೆ ಪ್ರಕಾಶಕರೇ ಅದೇ ವರ್ಷ ತಮಗೆ ತಾವೇ ಒಂದು ನೀತಿಸಂಹಿತೆ ಹಾಕಿಕೊಳ್ಳಬೇಕಾಯಿತು. ನಮ್ಮಲ್ಲಿ 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಹೊರಟಿತು, ಫ್ಯಾಂಟಮ್ ಮನೆಮಾತಾದ. ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು 1965ರಲ್ಲಿ ಅಚ್ಚಾದದ್ದು ಕನ್ನಡದಲ್ಲಿ. ಅದಕ್ಕೆ ಕಾರಣರಾದವರು ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ವ್ಯವಹಾರ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದ್ದರಿಂದ ಈ ಚಿತ್ರಪುಸ್ತಕಗಳು ನಮಗೆ ಹೊರಗಿನವಲ್ಲ. ಇಂದು ಗದರಿಸುವ ಅಪ್ಪಂದಿರಲ್ಲಿ ಎಷ್ಟೋ ಮಂದಿ ಅಂದು ಪಠ್ಯಪುಸ್ತಕದೊಳಗೆ ಫ್ಯಾಂಟಮ್‌ನನ್ನು ಬಚ್ಚಿಟ್ಟು ಓದಿದವರೇ!

ಈಗ ಒಂದು ಪ್ರಶ್ನೆ. ಈ ಮಹಾಬಲರಿಗೆಲ್ಲ ಸಮಾನವಾದದ್ದು ಏನು? ಮಕ್ಕಳನ್ನು ಕೇಳಿದರೆ ಶಕ್ತಿ ಎನ್ನುತ್ತಾರೆ. ಆದರೆ ಬ್ಯಾಟ್‌ಮನ್‌ಗೆ ಅಂಥ ಶಕ್ತಿಯೇನೂ ಇಲ್ಲ, ಫ್ಯಾಂಟಮ್‌ಗೂ ಇಲ್ಲ. ಕಥೆಯ ಮೊದಲ ಪುಟಗಳಿಗೆ ಹೋಗಿ ನೋಡಿ. 1936ರಲ್ಲಿ ಹುಟ್ಟಿದ ಫ್ಯಾಂಟಮ್ ಕಥೆಯಲ್ಲಿ ಮೂಲ ಪುರುಷನ ತಂದೆಯನ್ನು ಕಡಲ್ಗಳ್ಳರು ಕೊಲ್ಲುತ್ತಾರೆ. ಕೊಂದವನ ತಲೆಬುರುಡೆ ಹಿಡಿದು ಮಗ ಶಪಥ ಮಾಡುತ್ತಾನೆ. 1938ರ ಸೂಪರ್‌ಮ್ಯಾನ್ ಹೆತ್ತವರನ್ನೂ ಹುಟ್ಟಿದ ಗ್ರಹವನ್ನೂ ಕಳೆದುಕೊಂಡ ಅನಾಥ. 1939ರ ಬ್ಯಾಟ್‌ಮನ್ ಕಣ್ಣೆದುರಿಗೇ ತಂದೆತಾಯಿ ಗುಂಡೇಟಿಗೆ ಬಿದ್ದದ್ದನ್ನು ಕಂಡ ಬಾಲಕ. 1962ರ ಸ್ಪೈಡರ್‌ಮ್ಯಾನ್ ಸಾಕಿದ ಚಿಕ್ಕಪ್ಪನನ್ನು ಕಳ್ಳನೊಬ್ಬನ ಗುಂಡಿಗೆ ಕಳೆದುಕೊಂಡವನು. ಎಲ್ಲರದೂ ಒಂದೇ ಆರಂಭ. ಎಳೆಯ ಮನಸ್ಸಿಗೆ ಬಿದ್ದ ಪೆಟ್ಟು.

ಸೂಪರ್‌ಮ್ಯಾನ್‌ನನ್ನು ಕಲ್ಪಿಸಿದವರು ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರು. ಸೀಗೆಲ್‌ನ ತಂದೆಗೆ ಕ್ಲೀವ್‌ಲ್ಯಾಂಡ್ ನಗರದಲ್ಲಿ ಬಟ್ಟೆ ಅಂಗಡಿ ಇತ್ತು. 1932ರ ಜೂನ್ ತಿಂಗಳಲ್ಲಿ ಆ ಅಂಗಡಿಗೆ ಕಳ್ಳರು ನುಗ್ಗಿದಾಗ ಅವರು ಅಲ್ಲೇ ಕುಸಿದು ಸತ್ತರು. ಮಗನಿಗೆ ಆಗ 17 ವರ್ಷ. ಕೆಲವೇ ವರ್ಷಗಳಲ್ಲಿ ಅದೇ ಹುಡುಗ, ಕಳ್ಳಕಾಕರನ್ನು ಹಿಡಿಯುವ, ಗುಂಡು ತಾಗದ ಮೈಯ ನಾಯಕನನ್ನು ಜಗತ್ತಿಗೆ ಕೊಟ್ಟ. ಎರಡಕ್ಕೂ ನಂಟು ಹಾಕುವುದು ಬಿಡುವುದು ನಿಮಗೆ ಸೇರಿದ್ದು.

ಇದು ಅಮೆರಿಕದವರ ಕಲ್ಪನೆ ಮಾತ್ರ ಎಂದುಕೊಳ್ಳಬೇಡಿ. ತಂದೆ ಜಮದಗ್ನಿಯ ಕೊಲೆಯಾದ ಮೇಲೆ ಪರಶುರಾಮ 21 ಸಲ ಭೂಮಿ ಸುತ್ತಿ ಕ್ಷತ್ರಿಯರನ್ನು ಕೊಂದ. ತಂದೆ ದ್ರೋಣ ಸತ್ತ ದುಃಖದಲ್ಲಿ ಅಶ್ವತ್ಥಾಮ ನಡುರಾತ್ರಿ ಮಲಗಿದ್ದವರನ್ನು ಕೊಂದ. ಕಡೆಗೆ ಹಣೆಯ ಮೇಲೆ ಮಾಯದ ಗಾಯ ಹೊತ್ತು ಅಲೆಯುವವನಾದ. ಒಳಗಿನ ಗಾಯವನ್ನು ಸೇಡಿನಿಂದ ತೊಳೆಯಲು ಹೋದರೆ ಏನಾಗುತ್ತದೆ ಎಂಬುದನ್ನು ವ್ಯಾಸರು ಎಂದೋ ಹೇಳಿದ್ದಾರೆ.

ಇನ್ನು ನಮ್ಮ ವಿಜ್ಞಾನದ ಪಾಠಕ್ಕೆ ಬರೋಣ. ಅಪಾಯ ಎದುರಾದಾಗ ನಮ್ಮ ದೇಹ ಏನು ಮಾಡುತ್ತದೆ? ಮಿದುಳಿನಲ್ಲಿ ಬಾದಾಮಿ ಬೀಜದ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಅದು ಮನೆಯ ಕಾವಲು ನಾಯಿ ಇದ್ದ ಹಾಗೆ. ಅಪಾಯ ಕಂಡೊಡನೆ ಬೊಗಳುತ್ತದೆ. ಕೂಡಲೇ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಏರುತ್ತದೆ, ಸ್ನಾಯುಗಳಿಗೆ ರಕ್ತ ಹೆಚ್ಚು ಹರಿಯುತ್ತದೆ. ಹಾವು ಕಂಡಾಗ ಓಡಲು, ನಾಯಿ ಅಟ್ಟಿಸಿಕೊಂಡು ಬಂದಾಗ ಕಲ್ಲೆತ್ತಲು ಈ ಏರ್ಪಾಡು ಬೇಕೇ ಬೇಕು. ಅಪಾಯ ಕಳೆದ ಮೇಲೆ ಎಲ್ಲವೂ ಮೊದಲಿನ ಸ್ಥಿತಿಗೆ ಬರಬೇಕು. ಸಾಮಾನ್ಯವಾಗಿ ಬರುತ್ತದೆ ಕೂಡ.

ಪೆಟ್ಟು ಬಹಳ ದೊಡ್ಡದಾದಾಗ ಕೆಲವರಲ್ಲಿ ಹಾಗೆ ಆಗುವುದಿಲ್ಲ. ಕಳ್ಳ ಹೋಗಿ ತಿಂಗಳಾದರೂ ನಾಯಿ ಬೊಗಳುತ್ತಲೇ ಇರುತ್ತದೆ. ಬಾಗಿಲು ಬಡಿದ ಸದ್ದಿಗೆ ಬೆಚ್ಚಿಬೀಳುವುದು, ಆ ಘಟನೆ ಕಣ್ಣಮುಂದೆ ಮತ್ತೆ ನಡೆದಂತಾಗುವುದು, ಕೆಟ್ಟ ಕನಸು, ಆ ಜಾಗ ಆ ಮಾತು ಬೇಡವೆಂದು ದೂರ ಸರಿಯುವುದು, ನಿದ್ದೆ ಬಾರದಿರುವುದು. ಮೊದಲ ಮಹಾಯುದ್ಧದ ಸೈನಿಕರಲ್ಲಿ ಇಂಥದ್ದನ್ನು ಕಂಡು ವೈದ್ಯರು ಅದನ್ನು 'ಶೆಲ್ ಶಾಕ್' ಎಂದರು. ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಹೆಸರಿನಲ್ಲಿ ಅದು ಅಮೆರಿಕದ ಮನೋವೈದ್ಯರ ಪಟ್ಟಿಗೆ ಸೇರಿದ್ದು 1980ರಲ್ಲಿ.

ರಾತ್ರಿಯಿಡೀ ಊರು ಕಾಯುತ್ತ, ತಂದೆತಾಯಿ ಬಿದ್ದ ಆ ಒಂದು ಗಳಿಗೆಯನ್ನೇ ಮತ್ತೆ ಮತ್ತೆ ಕಾಣುವ ಬ್ಯಾಟ್‌ಮನ್ ಹುಟ್ಟಿದ್ದು ಅದಕ್ಕೆ 41 ವರ್ಷ ಮೊದಲು. ಅವನಿಗೆ ರಾತ್ರಿ ನಿದ್ದೆ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಅವನ ಕಾವಲು ನಾಯಿ ಇನ್ನೂ ಬೊಗಳುವುದನ್ನು ನಿಲ್ಲಿಸಿಲ್ಲ.

ಸ್ಪೈಡರ್‌ಮ್ಯಾನ್‌ನ ಸಂಕಟ ಬೇರೆ ಬಗೆಯದು. ತಾನು ಹಿಡಿಯಬಹುದಾಗಿದ್ದ ಕಳ್ಳನನ್ನು ಅವನು ಬಿಟ್ಟುಬಿಟ್ಟ. ಅದೇ ಕಳ್ಳ ಚಿಕ್ಕಪ್ಪನನ್ನು ಕೊಂದ. "ನನ್ನಿಂದಲೇ ಹೀಗಾಯಿತು" ಎಂಬ ಕೊರಗು ಅವನನ್ನು ಬಿಡುವುದಿಲ್ಲ. ಹೆತ್ತವರು ಈ ಪುಟವನ್ನು ಗಮನವಿಟ್ಟು ನೋಡಬೇಕು. ಮನೆಯಲ್ಲಿ ಸಾವಾದಾಗ ಮಕ್ಕಳು ತಪ್ಪನ್ನು ತಮ್ಮ ತಲೆಗೆ ಹಾಕಿಕೊಳ್ಳುವುದು ಬಹಳ ಸಾಮಾನ್ಯ. "ನಾನು ಚಾಕಲೇಟು ಬೇಕು ಅಂತ ಹಟ ಮಾಡದಿದ್ದರೆ ಅಪ್ಪ ಪೇಟೆಗೆ ಹೋಗುತ್ತಿರಲಿಲ್ಲ" ಎಂದು ಒಂದು ಮಗು ಒಳಗೊಳಗೇ ಲೆಕ್ಕ ಹಾಕುತ್ತಿರಬಹುದು. ಯಾರಾದರೂ ಕೇಳುವವರೆಗೆ ಅದು ಬಾಯಿ ಬಿಡುವುದಿಲ್ಲ. "ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ ಮಗು" ಎಂಬ ಒಂದು ಮಾತನ್ನು ಹಿರಿಯರು ಬಾಯಿಬಿಟ್ಟು, ಒಂದಲ್ಲ ನಾಲ್ಕು ಸಲ ಹೇಳಬೇಕು.

ಇನ್ನು ಹಲ್ಕ್. ತರಗತಿಯಲ್ಲಿ ವಿಕಿರಣದ ಪಾಠ ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸಾರ್, ಗಾಮಾ ಕಿರಣ ಬಿದ್ದರೆ ನಿಜವಾಗಲೂ ಹಸಿರು ರಾಕ್ಷಸ ಆಗ್ತಾರಾ?" ಇಲ್ಲಪ್ಪ. ಹೆಚ್ಚು ಪ್ರಮಾಣದ ಗಾಮಾ ಕಿರಣ ಜೀವಕೋಶಗಳನ್ನು ಹಾಳುಮಾಡುತ್ತದೆ. ವಾಂತಿ, ರಕ್ತಕಣಗಳ ಕೊರತೆ, ಸಾವೂ ಬರಬಹುದು. 1962ರ ಮೊದಲ ಕಥೆಯ ಭೌತವಿಜ್ಞಾನ ಪೂರ್ತಿ ತಪ್ಪು. ಆದರೆ 1985ರಲ್ಲಿ ಬಿಲ್ ಮಾಂಟ್ಲೊ ಎಂಬ ಲೇಖಕ ಆ ಕಥೆಗೆ ಒಂದು ಹಿನ್ನೆಲೆ ಸೇರಿಸಿದ. ಬ್ಯಾನರ್ ಚಿಕ್ಕವನಿದ್ದಾಗ ಅವನ ತಂದೆ ಅವನನ್ನು ಹಿಂಸಿಸುತ್ತಿದ್ದ, ತಾಯಿಯನ್ನು ಅವನೆದುರೇ ಕೊಂದ. ಆ ಹುಡುಗ ನುಂಗಿಕೊಂಡ ಭಯವೇ ದೊಡ್ಡವನಾದ ಮೇಲೆ ರೌದ್ರವಾಗಿ ಹೊರಬಂತು ಎಂಬುದು ಕಥೆ. ಇಲ್ಲಿ ಮನೋವಿಜ್ಞಾನ ಸರಿಯಾಗಿದೆ. ತರಗತಿಯಲ್ಲಿ ಕಾರಣವಿಲ್ಲದೆ ಹೊಡೆದಾಡುವ ಹುಡುಗನನ್ನು 'ಪೋಕರಿ' ಎಂದು ಹೊರಗೆ ನಿಲ್ಲಿಸುವ ಮುನ್ನ, ಅವನ ಮನೆಯಲ್ಲಿ ರಾತ್ರಿ ಏನು ನಡೆಯುತ್ತದೆ ಎಂದು ನಾವು ಮೇಷ್ಟ್ರುಗಳು ಒಮ್ಮೆ ಯೋಚಿಸಬೇಕು.

ಇಷ್ಟು ವಕಾಲತ್ತು ಸಾಕು. ಈ ಕಥೆಗಳು ದಾರಿ ತಪ್ಪಿಸುವುದು ಎರಡು ಕಡೆ.

ಒಂದು, ನೋವಿಗೆ ಮುಖವಾಡವೇ ಮದ್ದು ಎಂಬ ಪಾಠ. ಅಳಬೇಡ, ಯಾರಿಗೂ ಹೇಳಬೇಡ, ಮುಖ ಮುಚ್ಚಿಕೊಂಡು ಹೋಗಿ ನಾಲ್ಕು ಜನಕ್ಕೆ ಬಾರಿಸು! ನಾವು ಹಿರಿಯರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೇ? ತಂದೆ ಸತ್ತ ಹತ್ತು ವರ್ಷದ ಹುಡುಗನ ಬೆನ್ನು ತಟ್ಟಿ "ಇನ್ನು ಮೇಲೆ ನೀನೇ ಮನೆಯ ಗಂಡಸು, ಅಳಬಾರದು" ಎನ್ನುತ್ತೇವೆ. ಧೈರ್ಯ ಹೇಳಿದೆವು ಎಂದುಕೊಳ್ಳುತ್ತೇವೆ. ಆ ಹುಡುಗನಿಗೆ ನಾವು ತೊಡಿಸಿದ್ದು ಮುಖವಾಡ.

ಎರಡು, ಮನಸ್ಸಿನ ಕಾಯಿಲೆ ಇದ್ದವರೆಲ್ಲ ಕೊಲೆಗಡುಕರು ಎಂಬ ಚಿತ್ರ. ಬ್ಯಾಟ್‌ಮನ್ ಕಥೆಗಳಲ್ಲಿ ಅರ್ಕಮ್ ಎಂಬ ಆಸ್ಪತ್ರೆ ಬರುತ್ತದೆ. ಖಳರೆಲ್ಲ ಅಲ್ಲಿಂದಲೇ ತಪ್ಪಿಸಿಕೊಂಡು ಬರುವವರು. ಅದು ಕಥೆಯಲ್ಲಿ ಮೊದಲು ಕಾಣಿಸಿಕೊಂಡದ್ದು 1974ರಲ್ಲಿ. ಅದೇ 1974ರಲ್ಲಿ ಬೆಂಗಳೂರಿನಲ್ಲಿ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಕಥೆಯ ಆಸ್ಪತ್ರೆಯಿಂದ ಹೊರಬರುವವರು ಕೊಲೆ ಮಾಡಲು ಹೋಗುತ್ತಾರೆ. ನಮ್ಮ ಆಸ್ಪತ್ರೆಯಿಂದ ಹೊರಬರುವವರು ಮನೆಗೆ, ಹೊಲಕ್ಕೆ, ಕೆಲಸಕ್ಕೆ ಹೋಗುತ್ತಾರೆ. ಮಾನಸಿಕ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಗುರಿಯಾಗುವುದೇ ಹೆಚ್ಚು. "ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು" ಎಂದು ತಮಾಷೆ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡೋಣ. ಆ ಮಾತು ಕೇಳಿಸಿಕೊಂಡ ಮಗು ನಾಳೆ ತನಗೆ ಕಷ್ಟ ಬಂದಾಗ ಬಾಯಿ ಬಿಡುವುದಿಲ್ಲ.

ಹಾಗಾದರೆ ನಿಜವಾದ ಮದ್ದು ಯಾವುದು? ಅದೂ ಕಥೆಯಲ್ಲೇ ಇದೆ, ಆದರೆ ಮೂಲೆಯಲ್ಲಿದೆ. ನಂತರದ ಕಥೆಗಳಲ್ಲಿ ಅನಾಥ ಬ್ಯಾಟ್‌ಮನ್‌ನನ್ನು ಬೆಳೆಸುವ ಮನೆಯ ಆಳು ಆಲ್‌ಫ್ರೆಡ್, ಸ್ಪೈಡರ್‌ಮ್ಯಾನ್‌ಗೆ ಅನ್ನ ಹಾಕಿ ಕಾಯುವ ಚಿಕ್ಕಮ್ಮ ಮೇ, ಇವರು ಹಾರುವುದಿಲ್ಲ, ಗೋಡೆ ಹತ್ತುವುದಿಲ್ಲ. ಬಿಟ್ಟುಹೋಗದೆ ಜೊತೆಗಿರುತ್ತಾರೆ, ಅಷ್ಟೇ. ನಮ್ಮ ದೇಶದ್ದೇ ಆದ ಬಹಾದೂರ್ ಕಥೆಯಂತೂ ಇನ್ನೂ ಚೆನ್ನಾಗಿದೆ. ಆಬಿದ್ ಸುರ್ತಿಯವರು ಸೃಷ್ಟಿಸಿದ ಈ ನಾಯಕ 1976ರಲ್ಲಿ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಬಂದ. ಅವನ ತಂದೆ ಡಕಾಯಿತ, ಪೊಲೀಸರ ಗುಂಡಿಗೆ ಬಲಿಯಾದವನು. ಸೇಡು ತೀರಿಸಿಕೊಳ್ಳಬೇಕೆಂದಿದ್ದ ಆ ಹುಡುಗನನ್ನು ಗುಂಡು ಹಾರಿಸಿದ ಪೊಲೀಸ್ ಅಧಿಕಾರಿಯೇ ಸಾಕಿ ಬೆಳೆಸುತ್ತಾನೆ. ಡಕಾಯಿತನ ಮಗ ಊರು ಕಾಯುವವನಾಗುತ್ತಾನೆ. ಅವನನ್ನು ಬದಲಿಸಿದ್ದು ಮಂತ್ರದಂಡವಲ್ಲ, ಒಬ್ಬ ಹಿರಿಯನ ಹೊಣೆಗಾರಿಕೆ.

ಕಥೆ ಬಿಡಿ, ನಿಜ ಜೀವನಕ್ಕೆ ಬನ್ನಿ. ಸ್ಕಂದಗಿರಿಗೆ ಸಮೀಪದ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ತಾಯಿ ಇದ್ದರು, ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಇತ್ತು. ಮನೆಪಾಠ ಹೇಳಿ ಓದಿಕೊಂಡರು. ಆ ಮಾವನನ್ನು ನೆನೆಯುವವರು ಕಡಿಮೆ. ಆದರೆ ಪೆಟ್ಟು ತಿಂದ ಯಾವ ಮಗುವಿಗೂ ಮೊದಲು ಬೇಕಾದದ್ದು ಅಂಥ ಒಂದು ಆಸರೆಯೇ.

ಇದನ್ನೆಲ್ಲ ಈಗ ಯಾಕೆ ಹೇಳಬೇಕಾಯಿತೆಂದರೆ, ಅಂಥ ಮಕ್ಕಳು ನಮ್ಮ ನಡುವೆಯೇ ಇದ್ದಾರೆ. 2021ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟವಾಗಿ ಆರು ಮಂದಿ ಸತ್ತರು. ಅದೇ ವರ್ಷ ಕೋವಿಡ್‌ನ ಎರಡನೆಯ ಅಲೆ ಎಷ್ಟೋ ಮನೆಗಳ ದೀಪ ಆರಿಸಿತು. ಹೆದ್ದಾರಿಯ ಅಪಘಾತಗಳಂತೂ ನಿಂತಿಲ್ಲ. ಪತ್ರಿಕೆಯಲ್ಲಿ ಸತ್ತವರ ಸಂಖ್ಯೆ ಬರುತ್ತದೆ. ಮರುವಾರ ಶಾಲೆಗೆ ಬಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಮಗುವಿನ ಸುದ್ದಿ ಬರುವುದಿಲ್ಲ.

ಹೆತ್ತವರೂ ನೆಂಟರೂ ಏನು ಮಾಡಬಹುದು? ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರಿಗೆ ಇದನ್ನು ಸುಲಭವಾಗಿ ಹೇಳಬಹುದು. ಹುಳು ಜ್ವರಕ್ಕೆ ಕೂತಾಗ ನೀವು ಅದನ್ನು ಮುಟ್ಟಿ ಎಬ್ಬಿಸುವುದಿಲ್ಲ, ಸೊಪ್ಪು ಹಾಕಿ ತಿನ್ನೆಂದು ಬಲವಂತ ಮಾಡುವುದಿಲ್ಲ. ಹಾಗೆಂದು ಮನೆ ಬಿಟ್ಟು ಊರಿಗೂ ಹೋಗುವುದಿಲ್ಲ. ಗಾಳಿ, ಬಿಸಿ ನೋಡಿಕೊಂಡು ಕಾಯುತ್ತೀರಿ. ನೊಂದ ಮಗುವಿನ ಹತ್ತಿರವೂ ಹಾಗೇ ಇರಿ. "ಹೇಳು, ಹೇಳು" ಎಂದು ಪೀಡಿಸಬೇಡಿ. ಹೇಳಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿ. "ಅಪ್ಪ ದೂರದ ಊರಿಗೆ ಹೋಗಿದ್ದಾರೆ" ಎಂದು ಸುಳ್ಳು ಹೇಳಬೇಡಿ. ನಿಜವನ್ನು ಅದರ ವಯಸ್ಸಿಗೆ ತಕ್ಕ ಮಾತಿನಲ್ಲಿ ಹೇಳಿ. ಊಟ, ನಿದ್ದೆ, ಶಾಲೆ, ಆಟ ಎಂದಿನ ಹೊತ್ತಿಗೆ ನಡೆಯಲಿ. ಹೀಗೆ ನೋಡಿಕೊಂಡರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ.

ಒಂದು ತಿಂಗಳು ಕಳೆದ ಮೇಲೂ ಮಗು ರಾತ್ರಿ ಚೀರಿ ಏಳುತ್ತಿದ್ದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದ್ದರೆ, ಕಾರಣವಿಲ್ಲದ ಹೊಟ್ಟೆನೋವು, ಸಿಡುಕು, ಓದಿನಲ್ಲಿ ಹಿನ್ನಡೆ ಕಂಡರೆ ವೈದ್ಯರ ಬಳಿ ಹೋಗಿ. ಸಾಯುವ ಮಾತಾಡಿದರಂತೂ ಒಂದು ದಿನವೂ ಕಾಯಬೇಡಿ. ಮಾತಿನ ಮೂಲಕವೇ ನಡೆಯುವ ಒಳ್ಳೆಯ ಚಿಕಿತ್ಸೆ ಇದೆ. ಹಳ್ಳಿಯವರಿಗೂ ಇದು ಸಿಗಬೇಕೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಸಿತು; ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾತಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಎರಡನ್ನೂ ಕ್ಯಾಲೆಂಡರಿನ ಪಕ್ಕ ಬರೆದಿಡಿ.

ವಿದ್ಯಾರ್ಥಿಗಳೇ, ನಿಮಗೊಂದು ಮಾತು. ಕಾಲು ಮುರಿದವನು ಕುಂಟಿದರೆ ಅದು ಹೇಡಿತನವಲ್ಲ. ಮನಸ್ಸಿಗೆ ಪೆಟ್ಟಾದವನು ಅತ್ತರೂ ಅಲ್ಲ. ನಿಮ್ಮ ಪಕ್ಕದಲ್ಲಿ ಕೂರುವ ಗೆಳೆಯ ಇದ್ದಕ್ಕಿದ್ದಂತೆ ಮಾತು ಬಿಟ್ಟರೆ, ಊಟದ ಹೊತ್ತಿನಲ್ಲಿ ಅವನ ಬಳಿ ಹೋಗಿ ಕೂತುಕೊಳ್ಳಿ. ಅವನು ಭಾರವಾದದ್ದೇನಾದರೂ ಹೇಳಿದರೆ ಒಬ್ಬರೇ ಹೊರಬೇಡಿ, ನಂಬಿಕೆಯ ಮೇಷ್ಟ್ರಿಗೋ ಮನೆಯವರಿಗೋ ತಿಳಿಸಿ.

ಹೆತ್ತವರೇ, ಬೀರುವಿನ ಮೇಲಿಟ್ಟ ಪುಸ್ತಕವನ್ನು ಕೆಳಗಿಳಿಸಿ. ಮಗನ ಅಥವಾ ಮಗಳ ಪಕ್ಕ ಕೂತು, "ಇದರಲ್ಲಿ ನಿನಗೆ ಯಾರು ಇಷ್ಟ? ಯಾಕೆ?" ಎಂದು ಕೇಳಿ. ಉತ್ತರ ಕೇಳುವಾಗ ಮೊಬೈಲು ಪಕ್ಕಕ್ಕಿಟ್ಟಿರಿ.