ಟಕ್ ಎನ್ನುವ ಭುಜ

ಮಕ್ಕಳೇ, ಬೆಳಿಗ್ಗೆ ತೋಳು ತಿರುಗಿಸುವಾಗ ನನ್ನ ಬಲಭುಜ ‘ಟಕ್’ ಎನ್ನುತ್ತದೆ. ನೋವಿಲ್ಲ, ಬರೀ ಸದ್ದು. ಆದರೂ ಮೂಳೆ ಸವೆಯಿತೇನೋ ಎಂದು ಹೆದರಿ ಎರಡು ತಿಂಗಳು ವ್ಯಾಯಾಮ ಬಿಟ್ಟೆ. ಸದ್ದೇನೋ ನಿಂತಿತು, ಭುಜವೂ ಬಿಗಿಯಿತು! ಮೇಲಿನ ಗೂಡಿನಿಂದ ಚಕ್ಕುಲಿ ಡಬ್ಬಿ ಇಳಿಸಲು ಮೊಮ್ಮಗಳು ಸ್ಟೂಲು ಹತ್ತಬೇಕಾಯಿತು.

ವೈದ್ಯರು ತೋಳನ್ನು ಎಲ್ಲ ಕಡೆ ತಿರುಗಿಸಿ ನೋಡಿ ನಕ್ಕರು. ಮಾಂಸಖಂಡವನ್ನು ಮೂಳೆಗೆ ಬಿಗಿದಿರುವ ಹುರಿಯಂಥ ಭಾಗ ಮೂಳೆಯ ಮೇಲೆ ಜಾರಿದಾಗ ಹೀಗೆ ಸದ್ದಾಗಬಹುದಂತೆ. ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾದಾಗಲೂ ಸದ್ದು ಬರಬಹುದಂತೆ. “ನೋವಿಲ್ಲದಿದ್ದರೆ ಹೆದರಬೇಡಿ, ವ್ಯಾಯಾಮ ಬಿಡಬೇಡಿ” ಎಂದರು.

ಅಜ್ಜಿ ನಿಮಗೆ ದೃಷ್ಟಿ ತೆಗೆದು ನೆಟಿಗೆ ಮುರಿಯುತ್ತಾರಲ್ಲ, ಅದೂ ಕೀಲಿನ ಸದ್ದೇ. ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆಂದು ಅಮೆರಿಕದ ಡೊನಾಲ್ಡ್ ಅಂಗರ್ ಅವರನ್ನು ಚಿಕ್ಕಂದಿನಲ್ಲಿ ಮನೆಯವರು ಹೆದರಿಸಿದ್ದರು. ನೋಡಿಯೇ ಬಿಡೋಣವೆಂದು ಅವರು 60 ವರ್ಷಕ್ಕೂ ಹೆಚ್ಚು ಕಾಲ ಎಡಗೈಯ ನೆಟಿಗೆ ಮಾತ್ರ ಮುರಿದರು. ಮುಂದೆ ವೈದ್ಯರೂ ಆದರು. ಕೊನೆಗೆ ನೋಡಿದರೆ ಎರಡೂ ಕೈಗಳಲ್ಲಿ ಸಂಧಿವಾತವಿರಲಿಲ್ಲ! 2009ರಲ್ಲಿ ಅವರಿಗೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆಂದೇ ಇರುವ ಇಗ್ ನೊಬೆಲ್ ಬಹುಮಾನ ಬಂತು. ಒಬ್ಬರ ಕೈ ಎಲ್ಲರಿಗೂ ಸಾಕ್ಷಿಯಲ್ಲ, ನಿಜ. ಆದರೆ ಆ ತಾಳ್ಮೆ ನೋಡಿ!

ಅಜ್ಜ-ಅಜ್ಜಿಯರೇ, ಸದ್ದಿನ ಜೊತೆ ನೋವು, ಊತ ಇದ್ದರೆ, ಕೈ ಎತ್ತಲಾಗದಿದ್ದರೆ, ಬಿದ್ದ ಮೇಲೆ ಸದ್ದು ಶುರುವಾಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಈಗ ನಾನು ತೋಳು ತಿರುಗಿಸುತ್ತೇನೆ, ಮೊಮ್ಮಗಳು ‘ಟಕ್’ ಎಣಿಸುತ್ತಾಳೆ. ನಿನ್ನೆ 11 ಆಯಿತು. ಚಕ್ಕುಲಿ ಡಬ್ಬಿಯನ್ನೂ ನಾನೇ ಇಳಿಸಿದೆ.