ಕಾರು ಮಾರಿದರೂ ನಂಬರು ಅದರಲ್ಲೇ!

ಕಾಸರಗೋಡು: ಬ್ಲೂಟೂತ್ ಮೂಲಕ ಕಾರಿಗೆ ಮೊಬೈಲ್ ಜೋಡಿಸುವಾಗ ಫೋನಿನ ನಂಬರುಗಳನ್ನು ಕೊಡಬಹುದೇ ಎಂಬ ಪ್ರಶ್ನೆ ಬರುತ್ತದೆ. ಹೆಚ್ಚಿನವರು ಓದದೆ ಒಪ್ಪಿಗೆ ಒತ್ತುತ್ತಾರೆ. ನೆಂಟರಿಷ್ಟರ ಹೆಸರು, ಯಾರಿಗೆ ಯಾವಾಗ ಕರೆ ಹೋಯಿತೆಂಬುದು ಹಲವು ಕಾರುಗಳ ಮೆಮೊರಿಯಲ್ಲಿ ಉಳಿಯುತ್ತದೆ. ಕಾರು ಗಡಿ ದಾಟಿ ಕೈ ಬದಲಾಗುವಾಗ ಆರ್‌ಸಿ, ವಿಮೆ, ಎನ್‌ಒಸಿ ಎಲ್ಲ ನೋಡುವವರು ಇದನ್ನು ಮರೆಯುತ್ತಾರೆ. ಮಾರಿದವನ ಮನೆ ಗುಟ್ಟು ಕೊಂಡವನ ಪರದೆಯಲ್ಲಿ!

2014ರಲ್ಲಿ ಪ್ರಕಟವಾದ ಆ್ಯಪಲ್ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋಗಳಲ್ಲಿ ನಕ್ಷೆ, ಹಾಡು ಫೋನಿನಲ್ಲೇ ನಡೆದು ಕಾರಿನ ಪರದೆಯಲ್ಲಿ ಕಾಣುತ್ತವೆ, ಅಷ್ಟೆ. ಈ ವ್ಯವಸ್ಥೆ ಎಲ್ಲ ತಯಾರಕರಿಗೂ ಹಿಡಿಸಿಲ್ಲ. ಮುಂದಿನ ವಿದ್ಯುತ್ ಕಾರುಗಳಲ್ಲಿ ಇವೆರಡನ್ನೂ ಕೈಬಿಡುವುದಾಗಿ ಜನರಲ್ ಮೋಟಾರ್ಸ್ 2023ರಲ್ಲಿ ಹೇಳಿತು. ಅದೇ ವರ್ಷ ಮೊಝಿಲ್ಲಾ ಪ್ರತಿಷ್ಠಾನ ಪರಿಶೀಲಿಸಿದ 25 ಕಾರು ಬ್ರಾಂಡುಗಳಲ್ಲಿ ಒಂದೂ ಖಾಸಗಿತನದ ಪರೀಕ್ಷೆ ಪಾಸಾಗಲಿಲ್ಲ. ಸದ್ಯ ಮಾರುವವರ ಕೈಯಲ್ಲಿರುವುದು ಇಷ್ಟೇ: ಕೀಲಿ ಕೊಡುವ ಮುನ್ನ ಫ್ಯಾಕ್ಟರಿ ರೀಸೆಟ್.